ಕೀಲುವಾತವೂ ದುಡಿಮೆಯೂ



ಕೊಡಗಿನಲ್ಲಿ ದುಡಿಮೆಯೆಂದರೆ ಬಹುಮಟ್ಟಿಗೆ ಬೆಳಗಿನ ದುಡಿಮೆ. ಪುತ್ತರಿಯ ಹಬ್ಬ ಕಳೆದು ಕಾಫಿಯ ಕೊಯ್ಲಿಗೆ ಬಿರುಸು ಬಂದಿತೆಂದರೆ, ಮಂಜು ಇನ್ನೂ ಮರಗಳ ನೆತ್ತಿಯನ್ನು ಬಿಟ್ಟಿರುವುದಿಲ್ಲ. ಅಷ್ಟರೊಳಗಾಗಿ ತೋಟದ ಲೈನುಮನೆಗಳಲ್ಲಿ ಒಲೆ ಉರಿದು, ಬುತ್ತಿ ಕಟ್ಟಿ, ಆಳುಗಳು ಮೇಸ್ತ್ರಿಯ ಮುಂದೆ ಹಾಜರಿ ಕೊಡಲು ಬಂದು ನಿಂತಿರುತ್ತಾರೆ. ಮಳೆಗಾಲದ ನಾಟಿಯೂ ಹಾಗೆಯೇ. ಮನೆವಾರ್ತೆಯೂ ಹಾಗೆಯೇ, ಕಡಂಬುಟ್ಟಿನ ಉಂಡೆ ಕಟ್ಟುವುದು, ನೂಲುಪುಟ್ಟು ಒತ್ತುವುದು, ಹಾಲು ಕರೆಯುವುದು, ಇವೆಲ್ಲವೂ ಹೊತ್ತೇರುವುದರೊಳಗೆ ಮುಗಿಯತಕ್ಕ ಕೆಲಸಗಳು. ಈ ದಿನ ನಾವು ಹೇಳಹೊರಟಿರುವ ರೋಗಕ್ಕೆ ಒಂದು ವಿಚಿತ್ರವಾದ ಸ್ವಭಾವವುಂಟು. ಅದು ಮನುಷ್ಯನ ದಿನದಲ್ಲಿ ಈ ಬೆಳಗನ್ನೇ ಆರಿಸಿಕೊಂಡು ಹಿಡಿಯುತ್ತದೆ.

ಇದಕ್ಕೆ ಇಂಗ್ಲಿಷ್ ವೈದ್ಯದಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಹೆಸರು. 1859ರಲ್ಲಿ ಆ ಹೆಸರನ್ನು ಗ್ರಂಥಸ್ಥ ಮಾಡಿದವರು ಲಂಡನಿನ ಆಲ್ಫ್ರೆಡ್ ಗ್ಯಾರಡ್ ಎಂಬ ವೈದ್ಯರು. ಮಾಧವನಿದಾನದಲ್ಲಿ ವರ್ಣಿತವಾಗಿರುವ ಆಮವಾತವು ಇದಕ್ಕೆ ಬಹು ಸಮೀಪವಾದದ್ದೆಂದು ನಮ್ಮ ಆಯುರ್ವೇದ ಪಂಡಿತರು ಹೇಳುವುದುಂಟು. ಜನರ ಬಾಯಲ್ಲಿ ಮಾತ್ರ ಸಂಧಿವಾತ, ಕೀಲುವಾತ, ಇಲ್ಲವೇ ಬರಿಯ ವಾತ. ನಾವು ಕೀಲುವಾತವೆಂದೇ ಕರೆಯೋಣ.

ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವು ಬೇರೆ, ಈ ರೋಗ ಬೇರೆ. ಹೊರಗಿನಿಂದ ಬಂದ ಕ್ರಿಮಿಗಳೊಡನೆ ಹೋರಾಡತಕ್ಕ ದೇಹದ ರಕ್ಷಣಾಶಕ್ತಿಯು ದಾರಿತಪ್ಪಿ, ತನ್ನವೇ ಆದ ಕೀಲುಗಳ ಒಳಪೊರೆಯ ಮೇಲೆ ಬೀಳುವುದು ಇಲ್ಲಿ ನಡೆಯುವ ಅನರ್ಥ. ಪೊರೆ ಊದುತ್ತದೆ, ಊದಿದ ಪೊರೆ ಮೆಲ್ಲಮೆಲ್ಲನೆ ಪಕ್ಕದ ಮೃದ್ವಸ್ಥಿಯನ್ನೂ ಎಲುಬನ್ನೂ ತಿನ್ನುತ್ತದೆ. ಬಹುಮಟ್ಟಿಗೆ ಚಿಕ್ಕ ಕೀಲುಗಳಿಗೇ ಮೊದಲು ಕೈಹಾಕುವುದು ಇದರ ರೀತಿ: ಬೆರಳುಗಳ ಬುಡ, ಬೆರಳಿನ ನಡುಗೆಣ್ಣು, ಮಣಿಕಟ್ಟು, ಪಾದದ ಮುಂಭಾಗ. ಬಲಗೈಗೆ ಬಂದರೆ ಎಡಗೈಗೂ ಬರುವುದು ಸಾಮಾನ್ಯ. ಬೆಳಿಗ್ಗೆ ಎದ್ದಾಗ ಕೈ ಮರಗಟ್ಟಿದಂತೆ ಬಿಗಿದುಕೊಂಡು, ಸಡಿಲವಾಗಲು ಒಂದು ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕಾಗುತ್ತದೆ. ಇದರ ಜೊತೆಗೆ, ನಿದ್ದೆಯಿಂದ ಕಳೆಯದ ಒಂದು ಆಯಾಸ. ಎಲುಬಿನ ರೋಗಕ್ಕೆ ಆಯಾಸವೇಕೆ ಎಂದು ಕೇಳುವವರುಂಟು. ಇದು ಎಲುಬಿನ ರೋಗವೇ ಅಲ್ಲ, ಇಡೀ ಶರೀರದ ರೋಗ.

ವಿಶ್ವ ಆರೋಗ್ಯ ಸಂಸ್ಥೆಯವರ ಎಣಿಕೆಯಂತೆ 2019ರಲ್ಲಿ ಜಗತ್ತಿನಲ್ಲಿ 1 ಕೋಟಿ 80 ಲಕ್ಷ ಜನ ಈ ರೋಗವುಳ್ಳವರಿದ್ದರು. ಅವರಲ್ಲಿ ನೂರಕ್ಕೆ 70 ಮಂದಿ ಹೆಂಗಸರು. ನಮ್ಮ ದೇಶದಲ್ಲಿ ದೆಹಲಿಯ ಬಳಿಯ ಹಳ್ಳಿಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಒಂದು ಶೋಧನೆಯು ವಯಸ್ಕರಲ್ಲಿ ನೂರಕ್ಕೆ 0.75ರಂತೆ ಕಂಡಿತು. 2011ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ 5,54,519. ಅದರಲ್ಲಿ ವಯಸ್ಕರು 4 ಲಕ್ಷವೆಂದು ಹಿಡಿದು ಅದೇ ದರವನ್ನು ಇಲ್ಲಿಗೂ ಹೊಂದಿಸಿದರೆ, 3,000 ಜನ ಎಂದಾಗುತ್ತದೆ. ಇದು ನಾವು ಕಾಗದದ ಮೇಲೆ ಮಾಡಿದ ಗುಣಾಕಾರವೇ ಹೊರತು ಯಾರೂ ಮನೆಮನೆ ಸುತ್ತಿ ಎಣಿಸಿದ್ದಲ್ಲ. ಆದರೂ 3,000 ಜೊತೆ ಕೈಗಳೆಂದರೆ ಅಲ್ಪವಲ್ಲ. ಭಾರತದ ಕಾಫಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಬೆಳೆಯುವ ನಾಡು ಇದು, ಆ ಕಾಫಿಯ ಹಣ್ಣೆಲ್ಲವೂ ಗಿಡದಿಂದ ಬರುವುದು ಬೆರಳುಗಳಿಂದಲೇ.

ಇನ್ನು ನಮ್ಮ ಅನುಭವದ ಮಾತು. ಶ್ರೋತೃಗಳು ಕ್ಷಮಿಸಬೇಕು, ಇದರಲ್ಲಿ ನಮಗೆ ಹೆಮ್ಮೆಪಡತಕ್ಕದ್ದೇನೂ ಇಲ್ಲ.

ವಿರಾಜಪೇಟೆ ತಾಲ್ಲೂಕಿನಲ್ಲಿ ನಮ್ಮ ಅಣ್ಣನವರಿಗೆ ಸಾಧಾರಣ ಪ್ರಮಾಣದ ಒಂದು ರೊಬಸ್ಟ ತೋಟವಿದೆ. ರಜೆಗಳಲ್ಲಿ ನಾವು ಅಲ್ಲಿಗೆ ಹೋಗುವ ವಾಡಿಕೆ. ಅಲ್ಲಿ ಬಹುಕಾಲದಿಂದ ಕೆಲಸಕ್ಕಿದ್ದ ಒಬ್ಬ ಹೆಂಗಸು, ವಯಸ್ಸು ಮೂವತ್ತೆಂಟಿರಬಹುದು, ಕೊಯ್ಲಿನಲ್ಲಿ ಎಲ್ಲರಿಗಿಂತ ಮುಂದು. ರೊಬಸ್ಟದ ಹಣ್ಣು ಗೊಂಚಲುಗಟ್ಟಿ ರೆಂಬೆಗೆ ಅಂಟಿಕೊಂಡಿರುತ್ತದೆ. ಹೆಬ್ಬೆರಳು ತೋರುಬೆರಳುಗಳಿಂದ ತಿರುಚಿ ಬಿಡಿಸಬೇಕು, ದಿನಕ್ಕೆ ಸಾವಿರಾರು ಸಲ. ಕೊಯ್ಲಿನ ದಿನಗಳಲ್ಲಿ ಕೂಲಿ ಕಿಲೋ ಲೆಕ್ಕ. ದಿನಕ್ಕೆ 80 ಕಿಲೋ ತೂಗಿಸುತ್ತಿದ್ದ ಆಕೆ ಒಂದು ವರುಷ 45ಕ್ಕೆ ಇಳಿದಳು. ಹಾಜರಿಗೆ ತಡವಾಗಿ ಬರಲಾರಂಭಿಸಿದಳು. ಮೇಸ್ತ್ರಿ ಬೈದನು. ಒಂದು ದಿನ ನಮ್ಮ ಎದುರಿಗೇ ಅಣ್ಣನವರ ಬಳಿಗೆ ಬಂದು, “ಸಾವ್ಕಾರ್ರೆ, ಹನ್ನೊಂದು ಗಂಟೆ ಮೇಲೆ ಬಂದ್ರೆ ಕುಯ್ತೀನಿ. ಬೆಳಿಗ್ಗೆ ಕೈ ಏಳೋದಿಲ್ಲ” ಎಂದಳು. ಮಧ್ಯಾಹ್ನ ಆಕೆ ಎಲ್ಲರಂತೆ ಬುಟ್ಟಿ ಹೊತ್ತು ನಡೆದಾಡುತ್ತಿದ್ದುದನ್ನು ಎಲ್ಲರೂ ಕಂಡಿದ್ದರು. ಬೆಳಿಗ್ಗೆ ಏಳದ ಕೈ ಮಧ್ಯಾಹ್ನ ಹೇಗೆ ಎದ್ದಿತು? ಮೇಸ್ತ್ರಿ ಇದನ್ನು ಮೈಗಳ್ಳತನವೆಂದನು; ಅಣ್ಣನವರು ನಕ್ಕರು; ನಾವೂ ನಕ್ಕೆವು. ಇಂಗ್ಲಿಷ್ ವಿದ್ಯೆ ಕಲಿತು, ಕಾಲೇಜಿನಲ್ಲಿ ಪಾಠ ಹೇಳಿ, ಕಾರ್ಯಕಾರಣ ವಿಚಾರವೆಂದು ಹುಡುಗರ ಮುಂದೆ ಮಾತನಾಡುವ ನಮಗೆ, ಆಕೆ ಒಂದೇ ವಾಕ್ಯದಲ್ಲಿ ರೋಗದ ಲಕ್ಷಣವನ್ನು ಸರಿಯಾಗಿ ಹೇಳಿದಳೆಂಬುದು ತಿಳಿಯಲಿಲ್ಲ.

ಮೂರು ವರುಷಗಳ ತರುವಾಯ ನಮ್ಮ ಕೈಯಿಂದಲೇ ಸೀಮೆಸುಣ್ಣ ಜಾರಿತು. ಮೊದಲು ಅಂಗಿಯ ಗುಂಡಿ, ಆಮೇಲೆ ಬೀಗದ ಕೈ, ಆಮೇಲೆ ಒಂಬತ್ತು ಗಂಟೆಯ ತರಗತಿಯ ಕರಿಹಲಗೆ. ಹನ್ನೊಂದರ ತರಗತಿಯಲ್ಲಿ ಕೈ ಬರೆಯುತ್ತಿತ್ತು, ಒಂಬತ್ತರಲ್ಲಿ ಬರೆಯುತ್ತಿರಲಿಲ್ಲ. ಮೊದಲು ಕಂಡ ವೈದ್ಯರು ವಯಸ್ಸಿನ ನೋವೆಂದು ಮಾತ್ರೆ ಕೊಟ್ಟರು. ಎರಡನೆಯವರು, “ಬೆಳಿಗ್ಗೆ ಕೈ ಬಿಡುವುದಕ್ಕೆ ಎಷ್ಟು ಹೊತ್ತು ಬೇಕು?” ಎಂದು ಕೇಳಿದರು. ಆ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ನಮಗೆ ನೆನಪಾದದ್ದು ಆ ಹೆಂಗಸು.

ಒಂದೇ ರೋಗ, ಎರಡು ಬಾಳುಗಳು. ನಾವು ಸರ್ಕಾರಿ ಕಾಲೇಜಿನ ನೌಕರರು. ಪ್ರಿನ್ಸಿಪಾಲರಿಗೆ ಪತ್ರ ಬರೆದೆವು, ವೇಳಾಪಟ್ಟಿಯಲ್ಲಿ ನಮ್ಮ ಪಾಠ ಹನ್ನೊಂದರ ಮೇಲಕ್ಕೆ ಸರಿಯಿತು. ವೈದ್ಯಕೀಯ ರಜೆ ಇತ್ತು, ಸಂಬಳ ನಿಲ್ಲಲಿಲ್ಲ. ಮೈಸೂರಿಗೆ ಹೋಗಿ ಬಂದ ದಿನದ ಕೂಲಿ ನಮಗೆ ನಷ್ಟವಾಗಲಿಲ್ಲ. 2016ರಲ್ಲಿ ಆದ ವಿಕಲಚೇತನರ ಹಕ್ಕುಗಳ ಶಾಸನವು, ಸೇವೆಯಲ್ಲಿರುವಾಗ ಅಂಗವೈಕಲ್ಯ ಹೊಂದಿದ ಸರ್ಕಾರಿ ನೌಕರನನ್ನು ಆ ಕಾರಣಕ್ಕಾಗಿ ತೆಗೆದುಹಾಕಕೂಡದೆಂದೂ ದರ್ಜೆ ಇಳಿಸಕೂಡದೆಂದೂ ವಿಧಿಸುತ್ತದೆ. ಆ ಶಾಸನದಲ್ಲಿ ಹೆಸರಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಕೀಲುವಾತವೆಂಬ ಹೆಸರಿಲ್ಲ. ಆದರೆ ಕೈಕಾಲುಗಳ ಚಲನೆ ಕುಂದಿದರೆ ಚಲನವೈಕಲ್ಯವೆಂಬ ಬಾಗಿಲಿನಿಂದ ಒಳಗೆ ಬರಬಹುದು, ನೂರಕ್ಕೆ 40ರಷ್ಟಾದರೆ ಮೀಸಲಾತಿ ಮೊದಲಾದ ಸೌಲಭ್ಯಗಳೂ ಉಂಟು. ಇಲ್ಲೊಂದು ತೊಡಕಿದೆ. ಶೇಕಡಾ ಲೆಕ್ಕಕ್ಕೆ ಸಿಗುವುದು ಕೆಟ್ಟುಹೋದ ಕೀಲು. ಬೆಳಗಿನ ಎರಡು ಗಂಟೆಗಳ ಬಿಗಿತವೂ ಸಂಜೆಯ ಆಯಾಸವೂ ಯಾವ ಅಳತೆಗೋಲಿಗೂ ಸುಲಭವಾಗಿ ಸಿಕ್ಕುವುದಿಲ್ಲ. ಕೈ ಪೂರ್ತಿ ಕೆಟ್ಟ ಮೇಲೆ ಸಹಾಯ ಬರುತ್ತದೆ. ಕೆಡದಂತೆ ಉಳಿಸಿಕೊಳ್ಳುವಾಗ ಬೇಕಾದ ಸಹಾಯಕ್ಕೆ ಅರ್ಜಿಯ ನಮೂನೆಯೇ ಇಲ್ಲ.

ತೋಟದ ಆಳಿನ ವಿಷಯವೇನು? 1951ರಲ್ಲಿ ತೋಟದ ಕಾರ್ಮಿಕರ ಶಾಸನವೊಂದು ಆಯಿತು. ವಸತಿ, ವೈದ್ಯಸಹಾಯ, ಕಾಯಿಲೆಯ ಕಾಲಕ್ಕೆ ಭತ್ಯ, ಇವೆಲ್ಲ ಅದರಲ್ಲಿ ಹೇಳಿದ್ದವು. ಮುಂದೆ 2020ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಕಾರ್ಮಿಕ ಸಂಹಿತೆಗಳಲ್ಲಿ ಅದನ್ನು ಸೇರಿಸಿದರು. ಆ ಹಳೆಯ ಶಾಸನವು ಅನ್ವಯಿಸುತ್ತಿದ್ದುದು ನಿರ್ದಿಷ್ಟ ವಿಸ್ತಾರವೂ ಆಳುಗಳ ಸಂಖ್ಯೆಯೂ ಇದ್ದ ತೋಟಗಳಿಗೆ. ಕೊಡಗಿನ ತೋಟಗಳಲ್ಲಿ ಹೆಚ್ಚಿನವು ಚಿಕ್ಕವು. ಕೊಯ್ಲಿನ ಮೂರು ತಿಂಗಳಿಗೆ ಮಾತ್ರ ಬಂದು ಹೋಗುವ ಆಳುಗಳ ಹೆಸರು ಯಾವ ಪುಸ್ತಕದಲ್ಲಿಯೂ ನಿಲ್ಲುವುದಿಲ್ಲ. ಎರವರು, ಜೇನುಕುರುಬರು ಮೊದಲಾದವರಲ್ಲಿ ಎಷ್ಟೋ ಮಂದಿ ತಲೆಮಾರುಗಳಿಂದ ತೋಟಗಳಲ್ಲೇ ದುಡಿದರೂ ದಿನಗೂಲಿಯವರಾಗಿಯೇ ಉಳಿದಿದ್ದಾರೆ. ಅಂಥವರಿಗೆ ಕಿಲೋ ಲೆಕ್ಕದ ತಕ್ಕಡಿಯೇ ವೈದ್ಯ, ಅದೇ ನ್ಯಾಯಾಧೀಶ. ತೂಕ ಇಳಿದರೆ ಕಾಯಿಲೆಯೆಂದು ಅದು ಹೇಳುವುದಿಲ್ಲ, ಕೂಲಿಯನ್ನು ಇಳಿಸುತ್ತದೆ.

ಈಗ ಜನರ ನಂಬಿಕೆಗಳನ್ನು ಕುರಿತು ಎರಡು ಮಾತು. ಮಡಿಕೇರಿಯಲ್ಲಿ ವರುಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಇಂಥ ಊರಿನಲ್ಲಿ ಶೀತದಿಂದಲೇ ವಾತ ಬರುತ್ತದೆಂದು ಎಲ್ಲರೂ ತಿಳಿದಿದ್ದರೆ ಆಶ್ಚರ್ಯವಿಲ್ಲ. ಮೋಡ ಕವಿದ ದಿನ ನೋವು ಹೆಚ್ಚೆನಿಸುವುದನ್ನು ನಾವೇ ಅನುಭವಿಸಿದ್ದೇವೆ. ಆದರೆ ಶೀತವು ಈ ರೋಗವನ್ನು ಹುಟ್ಟಿಸುವುದಿಲ್ಲ. ಬಿಸಿಲ ಸೀಮೆಯಲ್ಲಿಯೂ ಇದು ಉಂಟು. ವಂಶದಿಂದ ಬರುವ ಒಲವು ಒಂದು ಕಾರಣ. ಹೊರಗಿನ ಕಾರಣಗಳಲ್ಲಿ ಬಲವಾಗಿ ಸಿದ್ಧಪಟ್ಟಿರುವುದು ಧೂಮಪಾನ. ಬೀಡಿಯನ್ನು ಚಳಿಗೆ ಮದ್ದೆಂದು ಸೇದುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಕಕ್ಕಡ ಹದಿನೆಂಟರಂದು, ಎಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದುಸೊಪ್ಪಿನ ಪಾಯಸವನ್ನು ನಮ್ಮ ಮನೆಗಳಲ್ಲಿ ತಪ್ಪದೆ ಮಾಡುತ್ತಾರೆ. ಆ ದಿನ ಆ ಸೊಪ್ಪಿಗೆ ಹದಿನೆಂಟು ಬಗೆಯ ಔಷಧಿಗಳ ಸಾರ ಸೇರುತ್ತದೆಂದು ಹಿರಿಯರ ನಂಬಿಕೆ. ಆ ಪಾಯಸದ ಬಣ್ಣವೂ ಪರಿಮಳವೂ ನಮಗೆ ಬಲು ಪ್ರಿಯ, ಅದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಕಕ್ಕಡಕ್ಕೆ ಗುಣವಾದೀತೆಂದು ಊದಿದ ಕೈಯನ್ನು ಆರು ತಿಂಗಳು ಇಟ್ಟುಕೊಂಡಿರಬಾರದೆಂದಷ್ಟೇ ನಮ್ಮ ವಿನಂತಿ.

ಕೀಲುನೋವೆಲ್ಲ ಒಂದೇ ಎಂಬ ಭ್ರಮೆಯೂ ಉಂಟು. 2006ರಲ್ಲಿ ಕರ್ನಾಟಕದಲ್ಲೆಲ್ಲ ಹಬ್ಬಿದ ಚಿಕೂನ್‌ಗುನ್ಯಾ ಜ್ವರದ ತರುವಾಯ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಕೈಕಾಲು ಹಿಡಿದುಕೊಂಡಿತ್ತು. ಅಂದಿನಿಂದ ಯಾವ ಕೀಲು ಊದಿದರೂ ಆ ಜ್ವರದ ಶೇಷವೆಂದು ಸುಮ್ಮನಿರುವವರಿದ್ದಾರೆ. ಸಾಗರದ ಕಡೆಯ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕಾಯಿಲೆ ಮತ್ತೊಂದು. ಅದು ಬಡ ಕೂಲಿಕಾರರ ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಬಂದು, ಸೊಂಟದ ಕೀಲುಗಳನ್ನು ಹಿಡಿದು, ಗದ್ದೆಯ ಕೆಲಸವನ್ನೇ ತಪ್ಪಿಸಿತು. ಅದಕ್ಕೂ ಇದಕ್ಕೂ ಕಾರಣ ಬೇರೆ, ಚಿಕಿತ್ಸೆ ಬೇರೆ. ಯಾವುದೆಂದು ಗೊತ್ತುಮಾಡುವುದು ವೈದ್ಯರ ಕೆಲಸ. ರಕ್ತಪರೀಕ್ಷೆಗಳಿವೆ, ಆದರೆ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ರೋಗವಿರುವುದುಂಟು, ಆದುದರಿಂದ ಕೈ ಮುಟ್ಟಿ ನೋಡುವ ವೈದ್ಯರೇ ಬೇಕು.

ಚಿಕಿತ್ಸೆಯ ಕಥೆ ಸ್ವಾರಸ್ಯವಾದದ್ದು. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಾಚೆಸ್ಟರಿನ ಮೇಯೋ ಚಿಕಿತ್ಸಾಲಯದಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು, ನಡೆಯಲಾರದೆ ಬಿದ್ದಿದ್ದ ಒಬ್ಬ ಯುವತಿಗೆ ಕಾರ್ಟಿಸೋನ್ ಎಂಬ ದ್ರವ್ಯವನ್ನು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ಜಗತ್ತೇ ಬೆರಗಾಯಿತು, 1950ರಲ್ಲಿ ಹೆಂಚ್ ಅವರಿಗೂ ಜೊತೆಯ ಇಬ್ಬರು ವಿಜ್ಞಾನಿಗಳಿಗೂ ನೊಬೆಲ್ ಬಹುಮಾನ ಬಂತು. ಆದರೆ ಬಲುಬೇಗ ಅದರ ಇನ್ನೊಂದು ಮುಖ ಕಂಡಿತು. ಬಹುಕಾಲ ತೆಗೆದುಕೊಂಡರೆ ಎಲುಬು ಬೆಂಡಾಗುತ್ತದೆ, ಸಕ್ಕರೆ ಕಾಯಿಲೆ ಬರಬಹುದು, ಸೋಂಕು ಸುಲಭವಾಗಿ ಹತ್ತುತ್ತದೆ. ಥಟ್ಟನೆ ನಿಲ್ಲಿಸಿದರೂ ಅಪಾಯ. ಇದೇ ವರ್ಗದ ಮಾತ್ರೆಗಳು ಇಂದು ನಮ್ಮ ಸಂತೆಪೇಟೆಗಳಲ್ಲಿ ಚೀಟಿಯಿಲ್ಲದೆ, ಕಾಗದದ ಪೊಟ್ಟಣದಲ್ಲಿ, ಹೆಸರಿಲ್ಲದೆ ಕೈಬದಲಾಗುವುದನ್ನು ನಾವು ಕಂಡಿದ್ದೇವೆ. ಕೊಯ್ಲಿನ ಕಾಲದಲ್ಲಿ ಅದರ ಮಹಿಮೆ ದೊಡ್ಡದು. ನುಂಗಿದವರು ಮರುದಿನ ಏಣಿ ಹತ್ತಿ ಕರಿಮೆಣಸು ಕೊಯ್ಯುತ್ತಾರೆ. ವೈದ್ಯರು ಅಳತೆಯಿಂದ ಸ್ವಲ್ಪ ಕಾಲ ಕೊಡುವುದು ಬೇರೆ ವಿಷಯ. ಪೊಟ್ಟಣದ ಮಾತ್ರೆ ನೋವನ್ನು ಮುಚ್ಚುತ್ತದೆ, ಒಳಗೆ ಕೀಲು ಸವೆಯುತ್ತಲೇ ಇರುತ್ತದೆ.

ಇಂದು ಮುಖ್ಯವಾದ ಔಷಧಿ ಮೆಥೋಟ್ರೆಕ್ಸೇಟ್ ಎಂಬುದು. ಇದರ ವಂಶಾವಳಿಯಲ್ಲಿ ನಮ್ಮ ದೇಶದವರೊಬ್ಬರ ಹೆಸರಿದೆ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, ಲೆಡರ್ಲಿ ಪ್ರಯೋಗಶಾಲೆಯಲ್ಲಿ ದುಡಿದು 1948ರಲ್ಲಿ ತೀರಿಕೊಂಡ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ ಹೊರಟ ಔಷಧಿಗಳ ಮನೆತನಕ್ಕೆ ಇದು ಸೇರಿದ್ದು. ಮೊದಲು ರಕ್ತದ ಅರ್ಬುದಕ್ಕೆ ಬಳಕೆಯಾದ ಇದನ್ನು ಅತ್ಯಲ್ಪ ಪ್ರಮಾಣದಲ್ಲಿ ಕೀಲುವಾತಕ್ಕೆ ಕೊಡಬಹುದೆಂದು 1988ರಲ್ಲಿ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟಿತು. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳತಕ್ಕ ಮದ್ದು ಇದು. ತಪ್ಪಿ ದಿನಾಲೂ ತೆಗೆದುಕೊಂಡರೆ ಪ್ರಾಣಕ್ಕೇ ಹಾನಿ. ಗರ್ಭಿಣಿಯರಿಗೆ ಕೂಡದು. ಆಗಾಗ ರಕ್ತವನ್ನೂ ಯಕೃತ್ತನ್ನೂ ಪರೀಕ್ಷಿಸುತ್ತಿರಬೇಕು, ಮದ್ಯವನ್ನು ದೂರವಿಡಬೇಕು. ಈ ಕೊನೆಯ ಮಾತು ನಮ್ಮ ನಾಡಿನಲ್ಲಿ ಎಷ್ಟು ರುಚಿಸುವುದೋ ತಿಳಿಯದು! ಬೆಲೆ ಹೆಚ್ಚಿನದೇನಲ್ಲ. ಇದಕ್ಕೆ ಜಗ್ಗದ ರೋಗಕ್ಕೆ ಬೇರೆ ಔಷಧಿಗಳೂ ಉಂಟು, ಅವುಗಳಲ್ಲಿ ಹೊಸ ಚುಚ್ಚುಮದ್ದುಗಳು ಬಹಳ ದುಬಾರಿ.

ಮದ್ದಿಗಿಂತ ದುಬಾರಿಯಾದದ್ದು ದಾರಿ. ಕೊಡಗಿಗೆ ರೈಲು ಇಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರು. ಈ ರೋಗವನ್ನು ವಿಶೇಷವಾಗಿ ವ್ಯಾಸಂಗ ಮಾಡಿದವರನ್ನು ಕಾಣಲು ನಮ್ಮವರು ಹೆಚ್ಚಾಗಿ ಅಲ್ಲಿಗೋ ಮಂಗಳೂರಿಗೋ ಹೋಗುತ್ತಾರೆ. ಒಂದು ದಿನದ ಕೂಲಿ, ಜೊತೆಗೆ ಬಂದವರ ಕೂಲಿ, ಬಸ್ಸಿನ ಹಣ, ಇವುಗಳ ಮುಂದೆ ಮಾತ್ರೆಯ ಬೆಲೆ ಏನೂ ಅಲ್ಲ. 2016ರಿಂದ ಮಡಿಕೇರಿಯಲ್ಲಿಯೇ ವೈದ್ಯಕೀಯ ಕಾಲೇಜು ನಡೆಯುತ್ತಿರುವುದರಿಂದ ಮೊದಲ ತಪಾಸಣೆಗಾದರೂ ಅಷ್ಟು ದೂರ ಹೋಗಬೇಕಾಗಿಲ್ಲ. ವೈದ್ಯರೆಲ್ಲ ಒಕ್ಕೊರಲಿನಿಂದ ಹೇಳುವುದು ಒಂದೇ: ಮೊದಲ ಕೆಲವು ತಿಂಗಳುಗಳೊಳಗೆ ಚಿಕಿತ್ಸೆ ಆರಂಭವಾದರೆ ಕೀಲನ್ನು ಉಳಿಸಿಕೊಳ್ಳಬಹುದು. ಕೊಯ್ಲು ಮುಗಿಯಲಿ ಎಂದು ಕಾದರೆ ಆ ತಿಂಗಳುಗಳೇ ಮುಗಿದುಹೋಗುತ್ತವೆ.

ಚಿಕಿತ್ಸೆ ಇಷ್ಟು ಮುಂದುವರಿಯುವುದಕ್ಕೆ ಮೊದಲು, ಶ್ರೀಮಂತ ದೇಶಗಳಲ್ಲಿಯೂ ರೋಗ ಬಂದ ಹತ್ತು ವರುಷಗಳೊಳಗೆ ಅರ್ಧದಷ್ಟು ಮಂದಿ ಪೂರ್ಣಕಾಲದ ಉದ್ಯೋಗ ಮಾಡಲಾರದವರಾಗುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳಿದ್ದುಂಟು. ಕೇಪ್‌ಟೌನಿನಲ್ಲಿ 1967ರಲ್ಲಿ ಮೊತ್ತಮೊದಲು ಒಬ್ಬ ಮನುಷ್ಯನ ಹೃದಯವನ್ನು ಇನ್ನೊಬ್ಬನಿಗೆ ಜೋಡಿಸಿದ ಕ್ರಿಸ್ಟಿಯಾನ್ ಬರ್ನಾರ್ಡರ ಕೈಗಳಿಗೂ ಇದೇ ರೋಗವಿತ್ತು. 1983ರಲ್ಲಿ ಅವರು ಶಸ್ತ್ರವನ್ನು ಕೆಳಗಿಟ್ಟರು. ಫ್ರಾನ್ಸಿನ ಚಿತ್ರಕಾರ ರೆನ್ವಾರ್ 1919ರಲ್ಲಿ ಸಾಯುವವರೆಗೂ ಚಿತ್ರ ಬರೆದರು. ಮಡಿಸಿಕೊಂಡುಹೋದ ಬೆರಳುಗಳಿಗೆ ಬಟ್ಟೆ ಸುತ್ತಿ ಯಾರಾದರೂ ಕುಂಚವನ್ನು ಇರಿಸಿಕೊಡುತ್ತಿದ್ದರು, ಗಾಲಿಕುರ್ಚಿಯಿಂದಲೇ ಮುಟ್ಟುವಂತೆ ಚಿತ್ರಪಟವನ್ನು ಸರಿಸಿಕೊಡುತ್ತಿದ್ದರು. ಶಸ್ತ್ರವೈದ್ಯನ ಕೆಲಸಕ್ಕೆ ಇಂಥ ಅನುಕೂಲ ಮಾಡಿಕೊಡುವುದು ಅಸಾಧ್ಯ. ಕಾಫಿ ತೋಟದ ಕೆಲಸವೋ? ಅಲ್ಲಿ ಕೈಗೆ ಕಷ್ಟವಾದ ಕೆಲಸವಿರುವಂತೆ ಕಷ್ಟವಲ್ಲದ ಕೆಲಸವೂ ಬೇಕಾದಷ್ಟಿದೆ. ಒಣಗುವ ಕಾಫಿಯನ್ನು ಕಾಯುವುದು, ಚೀಲಗಳ ಲೆಕ್ಕ ಇಡುವುದು, ನರ್ಸರಿಗೆ ನೀರು ಹನಿಸುವುದು. ಹಾಜರಿಯ ಹೊತ್ತನ್ನು ಎರಡು ಗಂಟೆ ಮುಂದಕ್ಕೆ ಹಾಕುವುದಕ್ಕೆ ಶಾಸನವೂ ಬೇಡ, ಹಣವೂ ಬೇಡ.

ಮೈಸೂರಿನಿಂದ ಹಿಂದಿರುಗಿದ ವಾರವೇ ನಾವು ಅಣ್ಣನವರ ತೋಟಕ್ಕೆ ಹೋದೆವು. ಆ ಹೆಂಗಸು ಅಷ್ಟರಲ್ಲಿ ಕೆಲಸ ಬಿಟ್ಟಿದ್ದಳು. ಹುಡುಕಿಸಿದಾಗ, ಮೂರು ಮೈಲಿಯಾಚೆ ಮಗಳ ಮನೆಯಲ್ಲಿ ಕೂಸನ್ನು ಆಡಿಸಿಕೊಂಡಿದ್ದಳು. ಬಲಗೈಯ ನಾಲ್ಕು ಬೆರಳುಗಳೂ ಕಿರುಬೆರಳಿನ ಕಡೆಗೆ ವಾಲಿದ್ದವು. ನಮ್ಮ ಕೈಯನ್ನು ತೋರಿಸಿದೆವು. ಆಕೆ ಅದನ್ನು ಹಿಡಿದು, ಬೆರಳಿನ ಬುಡಗಳನ್ನು ಒಂದೊಂದಾಗಿ ಒತ್ತಿ ನೋಡಿ, “ನಿಮ್ಗೂ ಬಂತಾ? ಪಾಪ!” ಎಂದಳು. ಕ್ಷಮೆ ಕೇಳಬೇಕೆಂದು ಹೋಗಿದ್ದ ನಮಗೆ ಆ ಮಾತಿನ ಮೇಲೆ ಬಾಯಿ ಬರಲಿಲ್ಲ. ಅಣ್ಣನವರೇ ಆಕೆಯನ್ನು ಜೀಪಿನಲ್ಲಿ ಕೂರಿಸಿಕೊಂಡು ವೈದ್ಯರ ಬಳಿಗೆ ಹೋದರು. ವಾಲಿದ ಬೆರಳು ನೆಟ್ಟಗಾಗುವುದಿಲ್ಲವೆಂದು ವೈದ್ಯರು ಆಗಲೇ ಸ್ಪಷ್ಟವಾಗಿ ಹೇಳಿದರು. ಊತವಿಳಿಯಿತು, ಎಡಗೈ ಉಳಿಯಿತು. ವಾರಕ್ಕೊಂದು ದಿನದ ಮಾತ್ರೆ ಮರೆಯದಿರಲೆಂದು ಆಕೆ ಅದನ್ನು ಸಂತೆಯ ದಿನಕ್ಕೆ ಗೊತ್ತುಮಾಡಿಕೊಂಡಿದ್ದಾಳೆ, ಸಂತೆಮಾತ್ರೆ ಎಂದೇ ಕರೆಯುತ್ತಾಳೆ. ಈಗ ಹತ್ತು ಗಂಟೆಗೆ ಕಣಕ್ಕೆ ಬಂದು, ಒಣಗುವ ಕಾಫಿಯಲ್ಲಿ ಕಡ್ಡಿಕಸ ಆಯ್ದು, ಚೀಲಗಳ ಲೆಕ್ಕ ಹೇಳುತ್ತಾಳೆ, ದಿನಗೂಲಿ ಎಲ್ಲರಷ್ಟೇ. ನಡುವೆ ಹೋದ ಮೂರು ಕೊಯ್ಲುಗಳ ಕೂಲಿಯ ಲೆಕ್ಕವನ್ನು ಆಕೆ ಕೇಳಿಲ್ಲ. ಅಣ್ಣನವರೂ ನಾವೂ ಆ ಮಾತನ್ನು ಇನ್ನೂ ತೀರ್ಮಾನಕ್ಕೆ ತಂದಿಲ್ಲ.